ಅಡಿಗಲ್ಲು ಕೊಳ್ಳುವ ಮುಂಚೆ

(ಅಳವಂಡಿಯ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಇವತ್ತು ಪಾಠದ ಪುಸ್ತಕವನ್ನು ಸ್ವಲ್ಪ ಹೊತ್ತು ಪಕ್ಕಕ್ಕೆ ಇಡೋಣ. ಕಬ್ಬಿಣದ ಮಾತು ಆಡೋಣ.

ಈ ಮಾತು ಯಾಕೆ ಬಂತು ಅಂದ್ರೆ, ನಮ್ಮ ಕೇಂದ್ರಕ್ಕೆ ಬರುವ ಒಬ್ಬ ಹುಡುಗನಿಗೆ ಕಂಬಾರಿಕೆ ಮಾಡುವ ಆಸೆ. ಊರ ಕುಲುಮೆಯಲ್ಲಿ ಒಂದು ವರ್ಷ ತಿದಿ ಒತ್ತಿದ್ದಾನೆ. ಈಗ ತನ್ನದೇ ಕುಲುಮೆ ಹಾಕಬೇಕು ಅಂತಾನೆ. ಪಟ್ಟಣದ ಅಂಗಡಿಯಲ್ಲಿ ಒಂದು ಅಡಿಗಲ್ಲು ನೋಡಿ ಬಂದ. ಅದಕ್ಕೆ ಮುಂದೆ ಕೊಂಬು ಇದೆ. ಮೈಗೆ ನೀಲಿ ಬಣ್ಣ ಇದೆ. ನೋಡಲು ಚೆಂದ. ಬೆಲೆ ಕೇಳಿದ. ಮನೆಗೆ ಬಂದು ಅವ್ವನ ಬೆಂಡೋಲೆ ಒತ್ತೆ ಇಡೋಣ ಅಂದ.

ಆ ತಾಯಿ ನಮ್ಮ ಹತ್ತಿರ ಬಂದರು. "ಯಪ್ಪಾ ಮಾಸ್ತರ, ಅಷ್ಟು ರೊಕ್ಕದ ಕಲ್ಲು ಬೇಕೇ ಬೇಕೇನ್ರಿ?" ಅಂತ ಕೇಳಿದರು.

ನಾವು ಮಾಸ್ತರರು. ಕಂಬಾರರಲ್ಲ. ಅದಕ್ಕೆ ಸುತ್ತಲಿನ ಕುಲುಮೆಗಳ ಮುಂದೆ ಕುಳಿತು ಹಿರಿಯರನ್ನು ಕೇಳಿದೆವು. ಗುಜರಿ ಅಂಗಡಿಗೆ ಹೋಗಿ ತೂಗಿಸಿ ನೋಡಿದೆವು. ಓದಿಯೂ ನೋಡಿದೆವು. ಉತ್ತರ ಏನು ಬಂತು ಗೊತ್ತೇನು? ಬೇಡ. ಹೊಸದಾಗಿ ಶುರು ಮಾಡುವವನಿಗೆ ಕೊಂಬಿನ ಅಡಿಗಲ್ಲು ಬೇಡ. ಗಟ್ಟಿ ಉಕ್ಕಿನ ಒಂದು ತುಂಡು ಸಾಕು. ಆದರೆ ಎಂಥ ತುಂಡು? ಎಲ್ಲಿಂದ ತರಬೇಕು? ಹೇಗೆ ನೆಡಬೇಕು? ಅದನ್ನೇ ಈಗ ಹೇಳುತ್ತೇವೆ.

ಹೆಸರು ಕಲ್ಲು, ಆದರೆ ಕಲ್ಲಲ್ಲ

ಅಡಿಗಲ್ಲು ಅಂದ್ರೆ ನಿಮಗೆಲ್ಲ ಗೊತ್ತು. ಮಂತ್ರಿಗಳು ಬಂದು ಶಾಲೆಗೆ ಹಾಕುವ ಅಡಿಗಲ್ಲು ಬೇರೆ. ಅದನ್ನು ಹಾಕಿ ಹೋದ ಮೇಲೆ ಎಷ್ಟೋ ಕಡೆ ಹುಲ್ಲು ಬೆಳೆಯುತ್ತದೆ. ಆ ಮಾತು ಇರಲಿ. ನಾವು ಹೇಳುವುದು ಕಂಬಾರರ ಅಡಿಗಲ್ಲು. ಕಾಸಿದ ಕಬ್ಬಿಣವನ್ನು ಅದರ ಮೇಲೆ ಇಟ್ಟು ಹಣಿಯುತ್ತಾರೆ. ಕೆಲವರು ಅಡಗಲ್ಲು ಅನ್ನುತ್ತಾರೆ. ಮರಾಠಿಯವರು ಐರಣ ಅನ್ನುತ್ತಾರೆ. ಪಟ್ಟಣದ ಅಂಗಡಿಯಲ್ಲಿ ಆನ್ವಿಲ್ ಅಂತ ಕೇಳಬೇಕು.

ಈಗ ಇದು ಉಕ್ಕಿನದು. ಹೆಸರಿನಲ್ಲಿ ಮಾತ್ರ ಕಲ್ಲು ಉಳಿದಿದೆ. ಹಿಂದಿನ ಕಾಲದಲ್ಲಿ ಗಟ್ಟಿ ಕಲ್ಲಿನ ಮೇಲೂ ಕಬ್ಬಿಣ ಬಡಿದವರು ಇದ್ದಾರೆ. ಆಫ್ರಿಕಾ ಖಂಡದಲ್ಲಿ ಈಚಿನವರೆಗೂ ಹಾಗೆ ಬಡಿಯುತ್ತಿದ್ದರು. ನೀವು ಮಾತ್ರ ಕಲ್ಲಿನ ಮೇಲೆ ಬಡಿಯಬೇಡಿ. ಬಿಸಿಗೆ ಕಲ್ಲು ಸಿಡಿಯುತ್ತದೆ. ಚೂರು ಕಣ್ಣಿಗೆ ಬೀಳುತ್ತದೆ.

ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡ ನೋಡಿದ್ದೀರಾ? ಅಲ್ಲಿ ಕಲ್ಲು ಚಪ್ಪಡಿಯ ಸಾಲು ಸಾಲು ಮನೆಗಳಿವೆ. ಅವು ಸತ್ತವರ ನೆನಪಿಗೆ ಕಟ್ಟಿದವು. ಕಬ್ಬಿಣ ಯುಗದ ಜನ ಕಟ್ಟಿದವು. ಎರಡು ಸಾವಿರ ವರ್ಷಕ್ಕೂ ಹಿಂದಿನವು. ಅಂದರೆ ನಮ್ಮ ಜಿಲ್ಲೆಗೆ ಕಬ್ಬಿಣ ಹೊಸದಲ್ಲ. ಅಂಗಡಿಯ ನೀಲಿ ಅಡಿಗಲ್ಲು ಹೊಸದು.

ಕೊಂಬು ಯಾಕೆ ಬೇಡ?

ಕೊಂಬಿನ ಅಡಿಗಲ್ಲು ಯುರೋಪಿನ ಮಾದರಿ. ಅಲ್ಲಿ ಕಂಬಾರರು ನಿಂತು ಕೆಲಸ ಮಾಡುತ್ತಿದ್ದರು. ಕುದುರೆಗೆ ಲಾಳ ಬಗ್ಗಿಸುವುದು ಅವರ ದೊಡ್ಡ ಕೆಲಸ. ಲಾಳ ದುಂಡಗೆ ಬಗ್ಗಬೇಕು. ಅದಕ್ಕೆ ಕೊಂಬು ಬೇಕು. ನಿಮ್ಮ ಊರಲ್ಲಿ ಎಷ್ಟು ಕುದುರೆ ಅದಾವ, ನೀವೇ ಹೇಳ್ರಿ.

ನಮ್ಮ ಕಂಬಾರರ ಕೆಲಸ ಯಾವುದು? ಕುಡಗೋಲು. ಕುರ್ಪಿ. ಕೊಡಲಿ. ಕುಂಟೆಯ ಕುಡ. ಗುದ್ದಲಿ. ಇವೆಲ್ಲ ಚಪ್ಪಟೆ ಕೆಲಸ. ಚಪ್ಪಟೆ ಕೆಲಸಕ್ಕೆ ಚಪ್ಪಟೆ ಮುಖ ಸಾಕು. ಅದಕ್ಕೇ ನಮ್ಮ ಹಳೆಯ ಕುಲುಮೆಗಳಲ್ಲಿ ಅಡಿಗಲ್ಲು ಒಂದು ಚೌಕ ಗಟ್ಟಿ. ಅದನ್ನು ಕಟ್ಟಿಗೆ ದಿಮ್ಮಿಯಲ್ಲಿ ಕೂರಿಸಿ ನೆಲದಲ್ಲಿ ಹೂಳಿರುತ್ತಾರೆ. ಕಂಬಾರ ಕುಳಿತು ಹಣಿಯುತ್ತಾನೆ. ಎದುರಿಗೆ ಇನ್ನೊಬ್ಬರು ನಿಂತು ಚಮ್ಮಟಿಗೆ ಹಾಕುತ್ತಾರೆ.

ಜಪಾನ್ ದೇಶದಲ್ಲಿ ಕತ್ತಿ ಮಾಡುವ ಕಂಬಾರರು ಜಗತ್ತಿಗೇ ಹೆಸರಾದವರು. ಅವರ ಹಳೆಯ ಅಡಿಗಲ್ಲು ಕೂಡ ಕೊಂಬಿಲ್ಲದ ಚೌಕ ಗಟ್ಟಿಯೇ. ಅಷ್ಟು ದೂರ ಯಾಕೆ? ಬೈಲು ಕಮ್ಮಾರರು ಊರೂರು ತಿರುಗುತ್ತಾರೆ. ರಸ್ತೆ ಬದಿಯಲ್ಲಿ ಗುಡಾರ ಹಾಕುತ್ತಾರೆ. ನೆಲದಲ್ಲಿ ಒಂದು ಸಣ್ಣ ಅಡಿಗಲ್ಲು ನೆಟ್ಟು ಅಲ್ಲೇ ಕೊಡಲಿ ಮಾಡಿ ಕೊಡುತ್ತಾರೆ. ಅವರಲ್ಲಿ ಚಮ್ಮಟಿಗೆ ಎತ್ತುವವರು ಎಷ್ಟೋ ಸಲ ಹೆಣ್ಣುಮಕ್ಕಳೇ. ಕಂಬಾರಿಕೆ ಗಂಡಸರ ಕೆಲಸ ಅನ್ನುವವರು ಒಮ್ಮೆ ಅಲ್ಲಿ ಹೋಗಿ ನಿಂತು ನೋಡಬೇಕು.

ಇನ್ನೂ ಒಂದು ಮಾತು. ಸುತ್ತಿಗೆಯ ಮುಖ ಎಷ್ಟು ಅಗಲ? ಸುಮಾರು 4 ಸೆಂಟಿಮೀಟರ್. ಏಟು ಬೀಳುವುದು ಅಷ್ಟೇ ಜಾಗಕ್ಕೆ. ಹಾಗಾದರೆ ಅಡಿಗಲ್ಲಿನ ಮುಖ ಒಂದು ಅಂಗೈ ಅಗಲ ಇದ್ದರೆ ಧಾರಾಳ ಆಯಿತು. ಅಗಲಕ್ಕಿಂತ ಆಳ ಮುಖ್ಯ. ಏಟು ಬೀಳುವ ಜಾಗದ ಕೆಳಗೆ ಎಷ್ಟು ಉಕ್ಕು ನಿಂತಿದೆ? ಅದನ್ನು ನೋಡಬೇಕು. ಕೆಳಗೆ ಭಾರ ಇದ್ದರೆ ಏಟಿನ ಬಲ ಕಾದ ಕಬ್ಬಿಣಕ್ಕೆ ಹೋಗುತ್ತದೆ. ಭಾರ ಇಲ್ಲದಿದ್ದರೆ ಅಡಿಗಲ್ಲೇ ಕುಣಿಯುತ್ತದೆ. ನಿಮ್ಮ ತೋಳು ಸೋಲುತ್ತದೆ. ಕಬ್ಬಿಣ ಮಾತ್ರ ಹಾಗೇ ಇರುತ್ತದೆ.

ಉಕ್ಕು ಯಾವುದು, ಬೀಡು ಯಾವುದು?

ಇದು ಬಹಳ ಮುಖ್ಯ. ನಿಧಾನವಾಗಿ ಓದಿರಿ.

ಕಬ್ಬಿಣದಲ್ಲಿ ಎರಡು ಜಾತಿ ತಿಳಿದುಕೊಂಡರೆ ಸಾಕು. ಒಂದು ಉಕ್ಕು. ಇನ್ನೊಂದು ಬೀಡು. ಬೀಡು ಅಂದರೆ ಕರಗಿಸಿ ಅಚ್ಚಿಗೆ ಎರಕ ಹೊಯ್ದ ಕಬ್ಬಿಣ. ನಮ್ಮ ಕೊಪ್ಪಳ ತಾಲೂಕಿನ ಬೇವಿನಹಳ್ಳಿಯಲ್ಲಿ ದೊಡ್ಡ ಎರಕದ ಕಾರ್ಖಾನೆ ಇದೆ. ಅಲ್ಲಿ ಇಂಥ ಕಬ್ಬಿಣವನ್ನೇ ಕರಗಿಸಿ ಇಂಜಿನ್ನಿನ ಭಾಗ ಎರೆಯುತ್ತಾರೆ. ಆ ಕೆಲಸಕ್ಕೆ ಬೀಡು ಒಳ್ಳೆಯದು. ಏಟು ತಿನ್ನುವ ಕೆಲಸಕ್ಕೆ ಅದು ಆಗದು. ಬೀಡಿನಲ್ಲಿ ಇಂಗಾಲ ಜಾಸ್ತಿ. ನೂರಕ್ಕೆ ಮೂರು ಭಾಗ ದಾಟಿರುತ್ತದೆ. ಅದಕ್ಕೇ ಅದು ಬಗ್ಗುವುದಿಲ್ಲ, ಒಡೆಯುತ್ತದೆ. ನಾಲ್ಕು ದಿನ ಬಡಿದರೆ ಅಂಚು ಹಾರುತ್ತದೆ. ಉಕ್ಕಿನಲ್ಲಿ ಇಂಗಾಲ ಕಡಿಮೆ. ರೈಲು ಹಳಿಯ ಉಕ್ಕಿನಲ್ಲಿ ನೂರಕ್ಕೆ ಒಂದು ಭಾಗ ಕೂಡ ಇರುವುದಿಲ್ಲ. ಅದು ಗಟ್ಟಿಯೂ ಹೌದು, ಏಟು ತಾಳುವುದೂ ಹೌದು.

ಅಂಗಡಿಯ ಅಡಿಗಲ್ಲು ಎಲ್ಲವೂ ಕೆಟ್ಟವಲ್ಲ. ಉಕ್ಕಿನವೂ ಇವೆ. ಬೀಡಿನವೂ ಇವೆ. ಬಣ್ಣ ಬಳಿದ ಮೇಲೆ ಎರಡೂ ಒಂದೇ ತರ ಕಾಣುತ್ತವೆ. ಕಡಿಮೆ ಬೆಲೆಯ ಹೊಸ ಅಡಿಗಲ್ಲು ಅಂದ್ರೆ ಮೊದಲು ಬೀಡೇ ಇರಬೇಕು ಅಂತ ಅನುಮಾನ ಪಡಿರಿ.

ಗುರುತು ಹಿಡಿಯುವುದು ಹೇಗೆ? ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿರಿ. ಉಕ್ಕು ಗಂಟೆಯ ಹಾಗೆ ಟಣ್ ಅನ್ನುತ್ತದೆ. ಬೀಡು ಮಣ್ಣಿನ ಗಡಿಗೆಯ ಹಾಗೆ ದಪ್ಪ ದನಿ ಕೊಡುತ್ತದೆ. ಆದರೆ ದನಿ ಒಂದನ್ನೇ ನಂಬಬೇಡಿ. ತುಂಡು ನೆಲಕ್ಕೆ ಒರಗಿದ್ದರೆ ಉಕ್ಕೂ ಮೂಕವಾಗುತ್ತದೆ.

ಗ್ರೈಂಡರ್ ಇದ್ದರೆ ಒಂದು ಮೂಲೆಗೆ ತಾಗಿಸಿ ನೋಡಿರಿ. ಉಕ್ಕಿನ ಕಿಡಿ ಉದ್ದ, ಬೆಳ್ಳಗೆ ಹೊಳೆಯುತ್ತದೆ. ಬೀಡಿನ ಕಿಡಿ ಗಿಡ್ಡ, ಕೆಂಪಗೆ ಆರುತ್ತದೆ.

ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ ಗುಂಡಿನದು. ಇದಕ್ಕೆ ಖರ್ಚಿಲ್ಲ. ಗ್ಯಾರೇಜಿನಲ್ಲಿ ಹಳೆಯ ಬೇರಿಂಗಿನ ಗುಂಡು ಒಂದು ಕೇಳಿ ತನ್ನಿ. ಶಾಲೆಯ ಸ್ಕೇಲು ತನ್ನಿ. ಉಕ್ಕಿನ ಮುಖ ಒರೆಸಿ. ಸ್ಕೇಲನ್ನು ನೆಟ್ಟಗೆ ಹಿಡಿದು 10 ಇಂಚಿನ ಎತ್ತರದಿಂದ ಗುಂಡು ಬಿಡಿ. ಎಷ್ಟು ಇಂಚು ಮೇಲೆ ಪುಟಿಯಿತು? 7 ಇಂಚು ಪುಟಿದರೆ ತುಂಬಾ ಒಳ್ಳೆಯ ಉಕ್ಕು. 5 ಇಂಚು ಪುಟಿದರೂ ಕಲಿಯುವವರಿಗೆ ಸಾಕು. 2 ಇಂಚು ಪುಟಿದು ಬಿದ್ದರೆ ಮುಖ ಮೆತ್ತಗಿದೆ. ಅದನ್ನು ಬಿಡಿ. ಮೂರು ಸಲ ನೋಡಿ ಬರೆದುಕೊಳ್ಳಿ. ಅಂಕಿ ಬರೆಯಲು ಈಗ ಬರುತ್ತದಲ್ಲ?

ಗುಂಡು ಬೀಡನ್ನು ಪೂರ್ತಿ ಹಿಡಿದು ಕೊಡುವುದಿಲ್ಲ. ಕೆಲವು ಗಟ್ಟಿ ಬೀಡಿನ ಮೇಲೂ ಅದು ಪುಟಿಯುತ್ತದೆ. ಅದಕ್ಕೆ ದನಿ, ಕಿಡಿ, ಗುಂಡು ಮೂರನ್ನೂ ನೋಡಬೇಕು.

ತೂಕದ ಕಲ್ಲಿನ ಮಾತು. ಹಳೆಯ ಅಂಗಡಿಗಳಲ್ಲಿ 20 ಕಿಲೋದ ತೂಕದ ಕಲ್ಲು ಸಿಗುತ್ತದೆ. ಭಾರ ಇದೆ, ಚೌಕ ಇದೆ, ಇದನ್ನೇ ಅಡಿಗಲ್ಲು ಮಾಡೋಣ ಅನ್ನಿಸುತ್ತದೆ. ಅದು ಬೀಡು. ಬೇಡ.

ರೈಲು ಹಳಿಯ ತುಂಡು

ನಾವು ನೋಡಿದ ಮಟ್ಟಿಗೆ ಬಡವರಿಗೆ ಎಲ್ಲಕ್ಕಿಂತ ಒಳ್ಳೆಯ ಅಡಿಗಲ್ಲು ರೈಲು ಹಳಿಯ ತುಂಡು.

ಹುಬ್ಬಳ್ಳಿಯಿಂದ ಕೊಪ್ಪಳದ ಮೇಲೆ ಗುಂತಕಲ್ಲಿಗೆ ಹೋಗುವ ದಾರಿ ಮೊದಲು ಮೀಟರ್ ಗೇಜ್ ಇತ್ತು. 1990ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು. ಮೀಟರ್ ಗೇಜಿನ ಹಳಿ ಹಗುರ. ಬ್ರಾಡ್ ಗೇಜಿನ ಹಳಿ ಭಾರ. ಅದರಲ್ಲಿ ಎರಡು ತರ ಹೆಚ್ಚು. ಒಂದು ಮೀಟರಿಗೆ 52 ಕಿಲೋ ತೂಗುವುದು. ಇನ್ನೊಂದು 60 ಕಿಲೋ ತೂಗುವುದು. ಅಂದರೆ ಒಂದು ಅಡಿ ಉದ್ದದ ತುಂಡು ಸುಮಾರು 16 ಕಿಲೋ, ಇಲ್ಲವೇ 18 ಕಿಲೋ ಬರುತ್ತದೆ. ಮೂರು ಅಡಿ ತಂದರೆ 48 ಕಿಲೋ ಆಯಿತು. ಒಂದು ಕಿಲೋದ ಸುತ್ತಿಗೆಗೆ ಅಷ್ಟು ಭಾರ ಬೇಕಾದಷ್ಟಾಯಿತು.

ಬಹಳ ಜನ ಹಳಿಯನ್ನು ಮಲಗಿಸಿ ಅದರ ಬೆನ್ನ ಮೇಲೆ ಬಡಿಯುತ್ತಾರೆ. ಹಾಗೆ ಬೇಡ. ಯಾಕಂದ್ರ ಹಳಿಯ ಬೆನ್ನು ದುಂಡಗಿದೆ. ಅದರ ನಡು ತೆಳ್ಳಗಿದೆ. ಒಂದೂವರೆ ಸೆಂಟಿಮೀಟರಿಗಿಂತ ಚೂರು ಹೆಚ್ಚು, ಅಷ್ಟೇ. ಏಟು ಬಿದ್ದಾಗ ಹಳಿ ನಡುಗುತ್ತದೆ. ಟಂಯ್ ಅಂತ ಕಿವಿ ಹರಿಯುತ್ತದೆ.

ಹಳಿಯನ್ನು ನಿಲ್ಲಿಸಿ. ಒಲೆಯ ಮುಂದೆ ಒನಕೆ ನಿಲ್ಲಿಸಿದ ಹಾಗೆ ನೆಟ್ಟಗೆ ನಿಲ್ಲಿಸಿ. ಆಗ ಕೊಯ್ದ ತುದಿಯೇ ಮುಖ ಆಗುತ್ತದೆ. ಹಳಿಯ ತಲೆಯ ಭಾಗ ಸುಮಾರು 7 ಸೆಂಟಿಮೀಟರ್ ಅಗಲ ಇದೆ. ಸುತ್ತಿಗೆಯ ಏಟಿಗೆ ಅದು ಸಾಕು. ಏಟಿನ ಕೆಳಗೆ ಮೂರು ಅಡಿ ಉಕ್ಕು ನೇರ ನಿಂತಿರುತ್ತದೆ. ಅದೇ ತುಂಡು, ಅದೇ ತೂಕ. ಮಲಗಿಸಿದರೆ ಸಪ್ಪೆ, ನಿಲ್ಲಿಸಿದರೆ ಗಟ್ಟಿ. ಇನ್ನೂ ಒಂದು ಲಾಭ ಇದೆ. ಹಳಿಯ ತೆಳ್ಳನೆ ನಡುವಿನ ಅಂಚಿನ ಮೇಲೆ ಕಬ್ಬಿಣ ಇಟ್ಟು ಬಡಿದರೆ ಅದು ಬೇಗ ಉದ್ದಕ್ಕೆ ಎಳೆಯುತ್ತದೆ.

ಹಳಿಯನ್ನು ಕೈಗರಗಸದಿಂದ ಕೊಯ್ಯುವುದು ಆಗದ ಮಾತು. ಗ್ಯಾಸಿನಲ್ಲಿ ಕೊಯ್ಸಬೇಕು. ಗ್ಯಾಸ್ ತಾಗಿದ ಅಂಚು ಗಾಜಿನ ಹಾಗೆ ಗಡುಸಾಗುತ್ತದೆ. ಆ ಪದರವನ್ನು ಗ್ರೈಂಡರಿನಿಂದ ಉಜ್ಜಿ ತೆಗೆಸಿ. ಮುಖ ಸಮ ಮಾಡಿಸಿ. ಸುತ್ತಲಿನ ಚೂಪು ಅಂಚನ್ನೂ ದುಂಡಗೆ ಮಾಡಿಸಿ. ಚೂಪು ಅಂಚು ಕಾದ ಕಬ್ಬಿಣವನ್ನು ಕತ್ತರಿಸಿ ಗೆರೆ ಮಾಡುತ್ತದೆ. ಮುಂದೆ ಅಲ್ಲೇ ಕುಡಗೋಲು ಮುರಿಯುತ್ತದೆ.

ಹಳಿ ಸಿಗದಿದ್ದರೆ? ಲಾರಿಯ ದಪ್ಪ ಆಕ್ಸಲ್ ಆದೀತು. ಅದನ್ನೂ ನಿಲ್ಲಿಸಿಯೇ ನೆಡಬೇಕು. ದಪ್ಪ ಉಕ್ಕಿನ ಚೌಕ ಗಟ್ಟಿ ಸಿಕ್ಕರೆ ಇನ್ನೂ ಒಳ್ಳೆಯದು. 10 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ದಪ್ಪ, 30 ಸೆಂಟಿಮೀಟರ್ ಉದ್ದದ ಗಟ್ಟಿ ಸುಮಾರು 23 ಕಿಲೋ ಬರುತ್ತದೆ. ತೀರಾ ಏನೂ ಇಲ್ಲದಿದ್ದರೆ ದೊಡ್ಡ ಚಮ್ಮಟಿಗೆಯ ತಲೆಯನ್ನು ದಿಮ್ಮಿಯಲ್ಲಿ ಕೂರಿಸಿ ಕೊಕ್ಕೆ, ಮೊಳೆ ಮಾಡುವಷ್ಟು ಕಲಿಯಬಹುದು.

ರಸೀದಿ ಇಲ್ಲದ ಹಳಿ ಮನೆಗೆ ಬೇಡ

ಈಗ ಹೇಳುವ ಮಾತು ಭಯ ಹುಟ್ಟಿಸಲು ಅಲ್ಲ. ಆದರೆ ತಿಳಿದಿರಬೇಕು.

ಹಳಿಯ ಪಕ್ಕ ಬಿದ್ದ ತುಂಡು ಯಾರದು? "ಬಿದ್ದೈತಿ, ಯಾರೂ ಕೇಳೋರಿಲ್ಲ" ಅನ್ನಬೇಡಿ. ಅದು ರೈಲ್ವೆಯ ಆಸ್ತಿ. 1966ರಲ್ಲಿ ಇದಕ್ಕೇ ಒಂದು ಕಾನೂನು ಬಂದಿದೆ. ಕದ್ದದ್ದು ಅಂತ ಅನುಮಾನ ಬರುವ ರೈಲ್ವೆ ಸಾಮಾನು ಮನೆಯಲ್ಲಿ ಸಿಕ್ಕರೆ, ಅದು ನ್ಯಾಯವಾಗಿ ಬಂದದ್ದು ಅಂತ ನೀವೇ ತೋರಿಸಬೇಕು. ತೋರಿಸಲು ಆಗದಿದ್ದರೆ ಐದು ವರ್ಷದವರೆಗೆ ಜೈಲು ಆಗಬಹುದು. ನೀವು ಕದಿಯದೆ ಇರಬಹುದು. ರಾತ್ರಿ ಯಾರೋ ಅರ್ಧ ಬೆಲೆಗೆ ತಂದು ಕೊಟ್ಟಿರಬಹುದು. ಆದರೆ ನಿಮ್ಮ ಕುಲುಮೆಯಲ್ಲಿ ನಿಂತಿರುವುದು ಆ ತುಂಡು. ಉತ್ತರ ಹೇಳಬೇಕಾದವರು ನೀವು.

ರೈಲ್ವೆಯವರು ಸವೆದ ಹಳಿಗಳನ್ನು ಹರಾಜು ಹಾಕುತ್ತಾರೆ. ದೊಡ್ಡ ಗುಜರಿ ವ್ಯಾಪಾರಿಗಳು ಕೊಳ್ಳುತ್ತಾರೆ. ಅಂಥವರ ಹತ್ತಿರ ಕೊಳ್ಳಿ. ರಸೀದಿ ಕೇಳಿ. ಕೇಳಲು ನಾಚಿಕೆ ಬೇಡ.

ರಸೀದಿಯಲ್ಲಿ ಏನು ಓದಬೇಕು? ಅಂಗಡಿಯ ಹೆಸರು. ತಾರೀಖು. ನಿಮ್ಮ ಹೆಸರು. "ಹಳೆಯ ರೈಲು ಹಳಿ ತುಂಡು" ಅಂತ ಸಾಮಾನಿನ ಹೆಸರು. ಬರೀ "ಕಬ್ಬಿಣ" ಅಂತ ಬರೆದರೆ ಒಪ್ಪಬೇಡಿ. ತೂಕ. ಕಿಲೋಗೆ ದರ. ಒಟ್ಟು ಹಣ. ಸಹಿ. ಜಿಎಸ್‌ಟಿ ನಂಬರು ಇದ್ದರೆ ಅದರಲ್ಲಿ ಅಕ್ಷರ ಅಂಕಿ ಸೇರಿ 15 ಇರುತ್ತವೆ. ನಮ್ಮ ಕರ್ನಾಟಕದ್ದು 29 ಅಂತ ಶುರುವಾಗುತ್ತದೆ. ಎಣಿಸಿ ನೋಡಿರಿ. ಆ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ರೇಶನ್ ಕಾರ್ಡಿನ ಜೊತೆ ಇಡಿ. ಹೊಗೆ ತಾಗುವ ಕಡೆ ಇಡಬೇಡಿ.

ತೂಗುವಾಗ ಕಾಂಟಾ ಮೊದಲು ಸೊನ್ನೆ ತೋರಿಸಬೇಕು. ಸೊನ್ನೆ ನೋಡಿದ ಮೇಲೆಯೇ ತುಂಡು ಇಡಲು ಬಿಡಿ.

ಈಗ ಒಂದು ಲೆಕ್ಕ ಮಾಡೋಣ. ದರ ದಿನಕ್ಕೊಂದು ತರ ಇರುತ್ತದೆ. ಲೆಕ್ಕಕ್ಕೆ ಮಾತ್ರ ಕಿಲೋಗೆ 50 ರೂಪಾಯಿ ಅಂತ ಹಿಡಿಯೋಣ. 48 ಕಿಲೋಗೆ 2,400 ರೂಪಾಯಿ ಆಯಿತು. ಒಂದು ಕುಡಗೋಲು ಹಣಿದು ಕೊಟ್ಟರೆ 30 ರೂಪಾಯಿ ಅಂತ ಹಿಡಿಯಿರಿ. 80 ಕುಡಗೋಲು ಹಣಿದರೆ ಹಳಿಯ ದುಡ್ಡು ಬಂತು. ಇದ್ದಿಲು, ಗ್ಯಾಸಿನ ಕೊಯ್ತ ಬೇರೆ.

ಇನ್ನೊಂದು ಕಡೆ ನೋಡಿ. ಕೊಂಬಿನ ಅಡಿಗಲ್ಲಿಗೆ 20,000 ರೂಪಾಯಿ ಸಾಲ ಅಂತ ಹಿಡಿಯೋಣ. ತಿಂಗಳಿಗೆ ನೂರಕ್ಕೆ ಮೂರು ಬಡ್ಡಿ. ತಿಂಗಳಿಗೆ 600. ವರ್ಷಕ್ಕೆ 7,200. 240 ಕುಡಗೋಲು ಹಣಿದರೆ ಬರೀ ಬಡ್ಡಿ ತೀರಿತು. 20,000 ಹಾಗೇ ನಿಂತಿತು. ಬೆಂಡೋಲೆ ಬೇರೆಯವರ ಪೆಟ್ಟಿಗೆಯಲ್ಲೇ ಉಳಿಯಿತು. ಈ ಲೆಕ್ಕವನ್ನು ಆ ಹುಡುಗನ ಕೈಯಲ್ಲೇ ಹಲಗೆಯ ಮೇಲೆ ಬರೆಸಿದೆವು. ಬರೆದು ಸುಮ್ಮನೆ ನಿಂತ. ಅವ್ವ ನಕ್ಕರು.

ಎರೆ ಭೂಮಿಯಲ್ಲಿ ನೆಡುವುದು

ಅಡಿಗಲ್ಲು ಎಷ್ಟೇ ಒಳ್ಳೆಯದಿರಲಿ, ಅಲುಗಾಡಿದರೆ ಕೆಲಸಕ್ಕೆ ಬಾರದು. ನಮ್ಮ ಕಡೆಯ ನೆಲ ಎರೆ. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಮಳೆಗೆ ಉಬ್ಬುತ್ತದೆ. ಎರೆ ಮಣ್ಣಿನಲ್ಲಿ ನೇರ ಹೂಳಿದ ಅಡಿಗಲ್ಲು ಎರಡು ಮಳೆಗಾಲಕ್ಕೆ ಸಡಿಲಾಗುತ್ತದೆ.

ಅದಕ್ಕೆ ಗುಂಡಿ ಅಗಲ ತೋಡಿ. ಎರಡು ಅಡಿ ಆಳ ಇರಲಿ. ತಳಕ್ಕೆ ಒಂದು ಕಲ್ಲು ಚಪ್ಪಡಿ ಹಾಕಿ. ಚಪ್ಪಡಿಯ ಮೇಲೆ ಜಾಲಿಯ ದಪ್ಪ ಹಲಗೆ ತುಂಡು ಇಡಿ. ಅದರ ಮೇಲೆ ಹಳಿ ನಿಲ್ಲಿಸಿ. ಸುತ್ತ ಎರೆ ಮಣ್ಣು ಹಾಕಬೇಡಿ. ಗರಸು ತುಂಬಿ. ಒಂದು ಗೇಣು ತುಂಬಿದ ಮೇಲೆ ನೀರು ಚಿಮುಕಿಸಿ ದಮ್ಮಸ್ಸು ಮಾಡಿ. ಮತ್ತೆ ತುಂಬಿ. ಮೂರು ಅಡಿಯ ಹಳಿಯಲ್ಲಿ ಒಂದು ಅಡಿಗಿಂತ ಸ್ವಲ್ಪ ಹೆಚ್ಚು ಮೇಲೆ ಉಳಿಯುತ್ತದೆ. ಮಣೆ ಹಾಕಿ ಕುಳಿತು ಹಣಿಯುವವರಿಗೆ ಇದು ಸರಿ. ಎತ್ತರ ಬೇಡ ಅನ್ನಿಸಿದರೆ ಇನ್ನೂ ಸ್ವಲ್ಪ ಇಳಿಸಿ.

ನಿಂತು ಹಣಿಯುವವರು ಆಳ ಕಡಿಮೆ ಮಾಡಬೇಕು. ನೆಟ್ಟಗೆ ನಿಂತು ಕೈ ಇಳಿಬಿಟ್ಟು ಮುಷ್ಟಿ ಹಿಡಿಯಿರಿ. ಬೆರಳಿನ ಗೆಣ್ಣು ಎಲ್ಲಿಗೆ ಬರುತ್ತದೋ ಅಷ್ಟು ಎತ್ತರ ಬೇಕು. ಮೇಲೆ ಉಳಿದ ಹಳಿಯ ಸುತ್ತ ಜಾಲಿಯ ಇಲ್ಲವೇ ಹುಣಸೆಯ ತುಂಡು ನಿಲ್ಲಿಸಿ, ಕಬ್ಬಿಣದ ಪಟ್ಟಿ ಹಾಕಿ ಬಿಗಿಯಿರಿ. ಕಟ್ಟಿಗೆಯ ಬುಡಕ್ಕೆ ಇಂಜಿನ್ನಿನ ಹಳೆಯ ಎಣ್ಣೆ ಬಳಿಯಿರಿ. ಗೆದ್ದಲು ಹತ್ತುವುದಿಲ್ಲ.

ಎತ್ತರ ಸರಿ ಇದೆಯೋ ಇಲ್ಲವೋ ತಿಳಿಯಲು ಒಂದು ಉಪಾಯ. ಅಡಿಗಲ್ಲಿನ ಮೇಲೆ ಕಟ್ಟಿಗೆಯ ತುಂಡು ಇಟ್ಟು ಸುತ್ತಿಗೆಯಿಂದ ಬಡಿಯಿರಿ. ಗುರುತು ನೋಡಿರಿ. ದುಂಡಗೆ ಪೂರ್ತಿ ಮೂಡಿದರೆ ಎತ್ತರ ಸರಿ. ನಿಮ್ಮ ಕಡೆಯ ಅಂಚು ಮಾತ್ರ ಆಳ ಮೂಡಿದರೆ ಅಡಿಗಲ್ಲು ಎತ್ತರ ಆಯಿತು. ಆಚೆ ಕಡೆಯ ಅಂಚು ಮೂಡಿದರೆ ತಗ್ಗಾಯಿತು. ತಪ್ಪು ಎತ್ತರದಲ್ಲಿ ವರ್ಷಗಟ್ಟಲೆ ದುಡಿದರೆ ಸೊಂಟ ಹೋಗುತ್ತದೆ, ಇಲ್ಲವೇ ಭುಜ ಹೋಗುತ್ತದೆ.

ಕುಲುಮೆಗೂ ಅಡಿಗಲ್ಲಿಗೂ ದೂರ ಇರಬಾರದು. ಕಬ್ಬಿಣ ಒಲೆಯಿಂದ ತೆಗೆದು ತಿರುಗಿದರೆ ಅಡಿಗಲ್ಲು ಸಿಗಬೇಕು. ದಾರಿಯಲ್ಲಿ ಮಕ್ಕಳು ಆಡುವಂತೆ ಇರಬಾರದು.

ಬಡಿಯುವಾಗ

ಕಾದ ಕಬ್ಬಿಣ ಕಳಿತ ಮಾವಿನ ಹಣ್ಣಿನ ಬಣ್ಣಕ್ಕೆ ಬಂದಾಗ ಬಡಿಯಿರಿ. ಒಣ ಮೆಣಸಿನಕಾಯಿಯ ಬಣ್ಣಕ್ಕೆ ಇಳಿದರೆ ನಿಲ್ಲಿಸಿ, ಮತ್ತೆ ಒಲೆಗೆ ಹಾಕಿ. ಆರಿದ ಕಬ್ಬಿಣ ಬಡಿದರೆ ಕಬ್ಬಿಣ ಸೀಳುತ್ತದೆ. ಅಡಿಗಲ್ಲೂ ಕೆಡುತ್ತದೆ.

ತೆಳ್ಳನೆ ಕಬ್ಬಿಣವನ್ನು ಅಡಿಗಲ್ಲಿನ ಮೇಲೆ ಇಟ್ಟುಕೊಂಡು ಯೋಚಿಸುತ್ತಾ ಕೂರಬೇಡಿ. ತಣ್ಣನೆಯ ಅಡಿಗಲ್ಲು ಬಿಸಿಯನ್ನು ಹೀರುತ್ತದೆ. ಏನು ಮಾಡಬೇಕು ಅನ್ನುವುದನ್ನು ಕಬ್ಬಿಣ ಒಲೆಯಲ್ಲಿ ಇರುವಾಗಲೇ ಯೋಚಿಸಿ ಮುಗಿಸಿ.

ಬರೀ ಅಡಿಗಲ್ಲಿನ ಮೇಲೆ ಸುತ್ತಿಗೆ ಜೋರಾಗಿ ಹಾಕಬಾರದು. ಗಡುಸಿಗೆ ಗಡುಸು ತಾಗಿದರೆ ಚೂರು ಹಾರುತ್ತದೆ. ಅದು ಗುಂಡಿನ ಹಾಗೆ ಬರುತ್ತದೆ. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಬೆಸುಗೆ ಅಂಗಡಿಯವರು ಹಾಕುವ ಬಿಳಿ ಗಾಜಿನ ಕನ್ನಡಕ ಕಡಿಮೆ ಬೆಲೆಗೆ ಸಿಗುತ್ತದೆ. ಅಡಿಗಲ್ಲಿಗೆ ಸಾಲ ಮಾಡಲು ತಯಾರಾದವರು ಕನ್ನಡಕಕ್ಕೆ ಹಿಂದೆ ನೋಡುತ್ತಾರೆ. ಇದು ನಮಗೆ ಅರ್ಥವಾಗದ ಲೆಕ್ಕ.

ಉಳಿಯಿಂದ ಕಬ್ಬಿಣ ಕತ್ತರಿಸುವಾಗ ಅಡಿಗಲ್ಲಿನ ಮುಖಕ್ಕೆ ಉಳಿ ತಾಗಬಾರದು. ಕೆಳಗೆ ಮೆತ್ತನೆ ಕಬ್ಬಿಣದ ಪಟ್ಟಿ ಹಾಕಿಕೊಳ್ಳಿ. ನೈಲಾನ್ ಬಟ್ಟೆ ಬೇಡ. ಕಿಡಿ ಬಿದ್ದರೆ ಮೈಗೆ ಅಂಟುತ್ತದೆ. ಹತ್ತಿಯ ಬಟ್ಟೆ ಇರಲಿ. ಅಕ್ಕಂದಿರು ಸೆರಗನ್ನು ಸೊಂಟಕ್ಕೆ ಬಿಗಿದು ಕಟ್ಟಬೇಕು. ಬರಿಗಾಲಿನಲ್ಲಿ ನಿಲ್ಲಬಾರದು. ನೀರಿನ ಪೈಪಿನ ತುಂಡು ಕಾಸಬೇಡಿ. ಅದಕ್ಕೆ ಸತುವಿನ ಲೇಪ ಇರುತ್ತದೆ. ಅದರ ಹೊಗೆ ಕುಡಿದರೆ ಜ್ವರ ಬರುತ್ತದೆ.

ಮೊದಲ ದಿನವೇ ಕುಡಗೋಲಿಗೆ ಕೈ ಹಾಕಬೇಡಿ. ಕೊಕ್ಕೆ ಮಾಡಿ. ಬಾಗಿಲ ಚಿಲಕ ಮಾಡಿ. ಆಮೇಲೆ ಕುರ್ಪಿ. ಕುಡಗೋಲಿಗೆ ಲಾರಿಯ ಪಾಟಾ ಬೇಕು. ಅದನ್ನು ಕಾಸಿ ನೀರಿಗೋ ಎಣ್ಣೆಗೋ ಅದ್ದಿ ಹದ ಕೊಡುವುದು ಬೇರೆ ವಿದ್ಯೆ. ಅದನ್ನು ಊರ ಕಂಬಾರರ ಹತ್ತಿರವೇ ಕಲಿಯಬೇಕು. ಪುಸ್ತಕದಲ್ಲಿ ಬರುವುದಿಲ್ಲ.

ಸಂಜೆ ಕೆಲಸ ಮುಗಿದ ಮೇಲೆ ಮುಖ ಒರೆಸಿ ಎಣ್ಣೆ ಬಟ್ಟೆ ಆಡಿಸಿ. ಮಳೆಗೆ ಬಿಡಬೇಡಿ. ಇಷ್ಟು ಮಾಡಿದರೆ ಆ ಹಳಿ ತುಂಡು ಮೊಮ್ಮಕ್ಕಳವರೆಗೂ ಬರುತ್ತದೆ.

ದೊಡ್ಡ ಅಡಿಗಲ್ಲು ಬೇಕಾದಾಗ

"ಟ್ರ್ಯಾಕ್ಟರ್ ಬಂತು, ಕಂಬಾರಿಕೆ ಮುಗೀತು" ಅನ್ನುವವರು ಇದ್ದಾರೆ. ಆಯ ಕೊಡುವ ಪದ್ಧತಿ ಕಡಿಮೆ ಆಯಿತು, ಅದು ನಿಜ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಜೋಳ ಅಳೆಸಿಕೊಂಡು ಬರುವ ಕಾಲ ಅಲ್ಲ ಇದು. ಆದರೆ ಟ್ರ್ಯಾಕ್ಟರಿನ ಕುಂಟೆಯ ಹಲ್ಲೂ ಸವೆಯುತ್ತದೆ. ಕಡಲೆ ಕೀಳುವಾಗ, ಜೋಳ ಕೊಯ್ಯುವಾಗ ಕುಡಗೋಲು ಬೇಕು. ಕಳೆ ತೆಗೆಯಲು ಕುರ್ಪಿ ಬೇಕು. ಅಂಗಡಿಯ ಕುಡಗೋಲು ಮೊಂಡಾದರೆ ಅದನ್ನು ಹಣಿಯುವವರು ಯಾರು?

ಕೆಲಸ ಹೆಚ್ಚಿದರೆ ಆಗ ದೊಡ್ಡ ಸಾಮಾನು ಕೊಳ್ಳಿ. ಅದಕ್ಕೆ ಒಂದು ದಾರಿ ಇದೆ. ಪಿಎಂ ವಿಶ್ವಕರ್ಮ ಅಂತ ಕೇಂದ್ರ ಸರ್ಕಾರದ ಯೋಜನೆ. 2023ರ ಸೆಪ್ಟೆಂಬರ್ 17ರಂದು ಶುರುವಾಯಿತು. 18 ಕಸುಬುಗಳಿಗೆ ಇದೆ. ಕಂಬಾರಿಕೆಯೂ ಅದರಲ್ಲಿದೆ. ತರಬೇತಿ ಕೊಡುತ್ತಾರೆ. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ಯೆ. ಸಾಮಾನು ಕೊಳ್ಳಲು 15,000 ರೂಪಾಯಿವರೆಗೆ ನೆರವು. ಇದನ್ನು ವಾಪಸು ಕೊಡಬೇಕಿಲ್ಲ. ಸಾಲ ಬೇಕಾದವರಿಗೆ ಮೊದಲು ಒಂದು ಲಕ್ಷದವರೆಗೆ, ಅದನ್ನು ತೀರಿಸಿದ ಮೇಲೆ ಎರಡು ಲಕ್ಷದವರೆಗೆ. ಬಡ್ಡಿ ವರ್ಷಕ್ಕೆ ನೂರಕ್ಕೆ 5. ಒತ್ತೆ ಇಡಬೇಕಿಲ್ಲ.

ಆದರೆ ನಿಯಮ ಓದಿರಿ. ವಯಸ್ಸು 18 ಆಗಿರಬೇಕು. ಒಂದು ಮನೆಗೆ ಒಬ್ಬರಿಗೆ ಮಾತ್ರ. ಮುಖ್ಯವಾದದ್ದು ಇದು: ಅರ್ಜಿ ಹಾಕುವಾಗ ನೀವು ಆ ಕಸುಬನ್ನು ಕೈಯಾರೆ ಮಾಡುತ್ತಿರಬೇಕು. "ಮುಂದೆ ಮಾಡುತ್ತೇನೆ" ಅಂದರೆ ಆಗದು. ಮೊದಲ ತಪಾಸಣೆ ನಮ್ಮ ಗ್ರಾಮ ಪಂಚಾಯಿತಿಯಲ್ಲೇ ನಡೆಯುತ್ತದೆ. ಹಳಿ ತುಂಡಿನ ಮೇಲೆ ಹಣಿಯುವವನು ಕಂಬಾರನೇ. ಅಲ್ಲಿಂದ ಶುರು ಮಾಡಿದವನಿಗೆ ಅರ್ಜಿಯ ದಾರಿ ತೆರೆದಿದೆ. ಬೆಂಡೋಲೆ ಒತ್ತೆ ಇಡುವ ಅವಸರ ಯಾಕೆ?

ಅರ್ಜಿಯನ್ನು ಸಾಮಾನ್ಯ ಸೇವಾ ಕೇಂದ್ರದಲ್ಲಿ ಹಾಕಬೇಕು. ಆಧಾರ್, ಬ್ಯಾಂಕ್ ಪುಸ್ತಕ, ರೇಶನ್ ಕಾರ್ಡ್, ಮೊಬೈಲ್ ತೆಗೆದುಕೊಂಡು ಹೋಗಿ. ನೋಂದಣಿಗೆ ದುಡ್ಡು ಇಲ್ಲ. "ನಾನು ಮಾಡಿಸಿ ಕೊಡ್ತೀನಿ, ಎರಡು ಸಾವಿರ ಕೊಡ್ರಿ" ಅಂತ ಯಾರಾದರೂ ಬಂದರೆ ಕೊಡಬೇಡಿ. ಅರ್ಜಿಯಲ್ಲಿ ಬರೆದದ್ದನ್ನು ಸಹಿಗೆ ಮುಂಚೆ ಓದಿರಿ. ಓದಲು ಬಾರದ ಅಕ್ಷರ ಇದ್ದರೆ ಕೇಂದ್ರಕ್ಕೆ ತನ್ನಿ, ಕೂಡಿ ಓದೋಣ. ನಿಯಮಗಳು ಆಗಾಗ ಬದಲಾಗುತ್ತವೆ. ಹೋಗುವ ಮುಂಚೆ ಪಂಚಾಯಿತಿಯಲ್ಲಿ ಒಮ್ಮೆ ಕೇಳಿಕೊಳ್ಳಿ.

ಮಾತು ಬಹಳ ಆಯಿತು. ಹೊರಗೆ ಕಟ್ಟೆಯ ಹತ್ತಿರ ಎರಡು ತುಂಡು ಇಟ್ಟಿದ್ದೇವೆ. ಒಂದು ಉಕ್ಕು, ಒಂದು ಬೀಡು. ಯಾವುದು ಯಾವುದು ಅಂತ ನಾವು ಹೇಳುವುದಿಲ್ಲ. ಬೇರಿಂಗಿನ ಗುಂಡು ಇಲ್ಲಿದೆ. ಸುತ್ತಿಗೆ ಇದೆ. ಸ್ಕೇಲು ಯಾರ ಹತ್ತಿರ ಐತಿ, ತೊಗೊಂಡು ಬರ್ರಿ.